ಮೂವತ್ತು ಹಂಗಾಮುಗಳಲ್ಲಿ ಅಲ್ಗಾರಿದಂ ಏನನ್ನು ಕಲಿಯಬಲ್ಲದು?

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಫಲ ಏನಾಗುವುದೋ ತಿಳಿಯದಿರುವಾಗ ಹಲವು ಆಯ್ಕೆಗಳಲ್ಲಿ ಒಂದನ್ನು ಮತ್ತೆ ಮತ್ತೆ ಆರಿಸುವ ‘ಮಲ್ಟಿ-ಆರ್ಮ್ಡ್ ಬ್ಯಾಂಡಿಟ್’ ಅಲ್ಗಾರಿದಂಗಳು ನನ್ನ ಅಧ್ಯಯನದ ವಿಷಯ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ನಮ್ಮದು ದ್ರಾಕ್ಷಿ ತೋಟ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಕತ್ತರಿಸುವ ಕೆಲಸದ) ನಂತರ ಮೋಡ ಕವಿದಾಗ ಯಾವ ಔಷಧ ಹೊಡೆಯಬೇಕು ಎಂಬುದನ್ನು ಈ ಅಲ್ಗಾರಿದಂ ಹೇಳಬಲ್ಲದೇ ಎಂದು ಅಪ್ಪ ಕೇಳುತ್ತಾರೆ. ಇದನ್ನು ಪ್ರಬಂಧದ ಒಂದು ಅಧ್ಯಾಯವನ್ನಾಗಿ ಮಾಡಬಹುದೇ?
– ಸಂಶೋಧನಾ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಮಾಡಬಹುದು, ಮಾಡಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಅಲ್ಗಾರಿದಂ ಆರಿಸುವ ಮೊದಲು ಎರಡು ವಿಷಯಗಳನ್ನು ನೀವು ನಿರ್ಧರಿಸಬೇಕಾಗುತ್ತದೆ: ಈ ನಿರ್ಧಾರ ಎಷ್ಟು ಸಲ ಮರುಕಳಿಸುತ್ತದೆ, ಮತ್ತು ಕಲಿಯುವ ಹಂತದಲ್ಲಿ ಆಗುವ ನಷ್ಟವನ್ನು ಯಾರು ಹೊರುತ್ತಾರೆ.

ಈ ಶಾಸ್ತ್ರ ಹುಟ್ಟಿದ್ದೇ ಎರಡನೆಯ ಪ್ರಶ್ನೆಯಿಂದ. 1933ರಲ್ಲಿ ವಿಲಿಯಂ ಥಾಂಪ್ಸನ್ ಅವರು ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂಬುದು ಖಚಿತವಾಗುವ ಮುನ್ನವೇ ರೋಗಿಗಳಿಗೆ ಚಿಕಿತ್ಸೆ ಕೊಡಬೇಕಾದ ಸಂದರ್ಭವನ್ನು ಎತ್ತಿಕೊಂಡು, ಆವರೆಗಿನ ಫಲಿತಾಂಶಗಳ ಆಧಾರದಲ್ಲಿ ಯಾವ ಚಿಕಿತ್ಸೆ ಮೇಲಾಗಿರುವ ಸಂಭವ ಎಷ್ಟಿದೆಯೋ ಅದೇ ಪ್ರಮಾಣದಲ್ಲಿ ಅದನ್ನು ಆರಿಸಬೇಕೆಂಬ ನಿಯಮವನ್ನು ಸೂಚಿಸಿದರು. 1952ರಲ್ಲಿ ಹರ್ಬರ್ಟ್ ರಾಬಿನ್ಸ್ ಅವರು ಈ ಸಮಸ್ಯೆಗೆ ಸಾಮಾನ್ಯ ಗಣಿತ ರೂಪ ಕೊಟ್ಟರು. ಉತ್ತಮ ಆಯ್ಕೆ ಮೊದಲೇ ಗೊತ್ತಿದ್ದರೆ ಸಿಗುತ್ತಿದ್ದ ಲಾಭಕ್ಕೂ ನಮಗೆ ನಿಜವಾಗಿ ಸಿಕ್ಕ ಲಾಭಕ್ಕೂ ಇರುವ ಅಂತರವನ್ನೇ ನಿಮ್ಮ ಕ್ಷೇತ್ರದಲ್ಲಿ ‘ರಿಗ್ರೆಟ್’ ಎನ್ನುತ್ತಾರೆ. 1985ರಲ್ಲಿ ಲಾಯ್ ಮತ್ತು ರಾಬಿನ್ಸ್ ತೋರಿಸಿದಂತೆ, ಎಲ್ಲ ಸಂದರ್ಭಗಳಲ್ಲೂ ಚೆನ್ನಾಗಿ ನಡೆಯಬೇಕಾದ ಯಾವ ನಿಯಮವೂ, ಪ್ರಯೋಗಗಳ ಸಂಖ್ಯೆ ಬಹಳ ದೊಡ್ಡದಾಗುತ್ತ ಹೋದಾಗ, ಈ ಅಂತರವನ್ನು ಆ ಸಂಖ್ಯೆಯ ಲಾಗರಿದಂಗಿಂತ (ಸಂಖ್ಯೆ ಹತ್ತು ಪಟ್ಟಾದಾಗಲೆಲ್ಲ ಒಂದೇ ಪ್ರಮಾಣದಷ್ಟು ಏರುವ ಅಳತೆಗಿಂತ) ನಿಧಾನವಾಗಿ ಬೆಳೆಯುವಂತೆ ಮಾಡಲಾರದು.

‘ಬಹಳ ದೊಡ್ಡದಾದಾಗ’ ಎಂಬ ಷರತ್ತನ್ನು ದಯವಿಟ್ಟು ಲಘುವಾಗಿ ಕಾಣಬೇಡಿ. ಜಾಹೀರಾತು ತೋರಿಸುವ ಜಾಲತಾಣಕ್ಕೆ ದಿನಕ್ಕೆ ಲಕ್ಷಾಂತರ ಪ್ರಯೋಗಗಳು ಸಿಗುತ್ತವೆ. ದ್ರಾಕ್ಷಿ ಬೆಳೆಗಾರನಿಗೆ ಫೆಬ್ರುವರಿ–ಮಾರ್ಚ್‌ನಲ್ಲಿ ಕೈಸೇರುವ ಇಳುವರಿಯ ಲೆಕ್ಕ ವರ್ಷಕ್ಕೊಂದೇ. ಒಂದು ಔಷಧ ನೂರಕ್ಕೆ 50 ಸಲವೂ ಇನ್ನೊಂದು 60 ಸಲವೂ ರೋಗ ತಡೆಯುತ್ತದೆ ಎಂದುಕೊಳ್ಳಿ. ಈ ವ್ಯತ್ಯಾಸವನ್ನು ರೂಢಿಯ ಸಂಖ್ಯಾಶಾಸ್ತ್ರೀಯ ಖಚಿತತೆಯೊಡನೆ ಗುರುತಿಸಲು ಪ್ರತಿಯೊಂದು ಔಷಧಕ್ಕೂ 400ರ ಆಸುಪಾಸಿನ ಸ್ವತಂತ್ರ ಪರೀಕ್ಷೆಗಳು ಬೇಕಾಗುತ್ತವೆ. ವರ್ಷಕ್ಕೊಂದು ಫಲಿತಾಂಶವಾದರೆ ಮೂವತ್ತು ವರ್ಷ ಒಕ್ಕಲುತನ ಮಾಡಿದವರ ಬಳಿಯೂ ಇರುವುದು ಮೂವತ್ತು. ಆದ್ದರಿಂದ ಒಬ್ಬ ರೈತನ ತೋಟದಲ್ಲಿ ಅಲ್ಗಾರಿದಂ ತಾನೇ ಪ್ರಯೋಗ ಮಾಡಿ ಕಲಿತುಕೊಳ್ಳುತ್ತದೆ ಎಂಬ ಯೋಜನೆಯನ್ನು ಕೈಬಿಡಿ.

ಹಲವು ತೋಟಗಳ ಮಾಹಿತಿಯನ್ನು ಒಟ್ಟುಗೂಡಿಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಅದು ಸರಿಯಾದ ದಾರಿ, ಮತ್ತು ನಿಮ್ಮ ಅಧ್ಯಾಯದ ನಿಜವಾದ ಗಣಿತ ಇರುವುದೂ ಅಲ್ಲಿಯೇ. ತಿಕೋಟಾ ಸುತ್ತಲಿನ ನೂರಾರು ತೋಟಗಳ ಮೇಲೆ ಒಂದೇ ಮಳೆ ಬೀಳುತ್ತದೆ. ಒಂದೇ ಹವಾಮಾನದಲ್ಲಿ ಎರಡು ಔಷಧಗಳನ್ನು ಹೋಲಿಸುವುದಕ್ಕೆ ಇದು ಅನುಕೂಲವೇ, ಏಕೆಂದರೆ ಮಳೆಯ ಏರುಪೇರು ಎರಡೂ ಪಕ್ಷಕ್ಕೆ ಸಮನಾಗಿರುತ್ತದೆ. ಆದರೆ ಮಳೆ ಬೇರೆ ರೀತಿ ಬಿದ್ದ ವರ್ಷದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ನೂರಾರು ತೋಟಗಳು ಸೇರಿ ಹೆಚ್ಚುಕಡಿಮೆ ಒಂದೇ ಸಾಕ್ಷ್ಯವನ್ನು ನುಡಿಯುತ್ತವೆ. ತೋಟಗಳ ಫಲಿತಾಂಶಗಳೆಲ್ಲ ಪರಸ್ಪರ ಸ್ವತಂತ್ರ ಎಂಬ ಊಹೆಯ ಮೇಲೆ ಬರೆದ ಪ್ರಮೇಯವು ಕಾಗದದಲ್ಲಿ ಎಷ್ಟೇ ಸರಿಯಿದ್ದರೂ ಇಲ್ಲಿ ಸುಳ್ಳು ಧೈರ್ಯ ಕೊಡುತ್ತದೆ. ತೇವಾಂಶ, ಎಲೆ ಒದ್ದೆಯಾಗಿದ್ದ ಅವಧಿ, ಚಾಟ್ನಿಯಾಗಿ ಎಷ್ಟು ದಿನವಾಯಿತು ಎಂಬುದನ್ನೆಲ್ಲ ಗಣನೆಗೆ ತೆಗೆದುಕೊಳ್ಳುವ ‘ಕಾಂಟೆಕ್ಸ್ಚುವಲ್ ಬ್ಯಾಂಡಿಟ್’ ಮಾದರಿಯನ್ನು ಬಳಸಿ, ವರ್ಷಗಳ ನಡುವಿನ ವ್ಯತ್ಯಾಸವನ್ನೂ ಒಂದೇ ವರ್ಷದೊಳಗಿನ ವ್ಯತ್ಯಾಸವನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕಿಡಿ.

ಫಲಿತಾಂಶ ತಡವಾಗಿ ಬರುವುದು ಇನ್ನೊಂದು ತೊಡಕು. ದ್ರಾಕ್ಷಿಗೆ ಬರುವ ಡೌನಿ ಎಂಬ ಬೂಜು ರೋಗ ತಗುಲಿದ ಕೆಲವು ದಿನಗಳ ಮೇಲೆ ಎಲೆಯಲ್ಲಿ ಕಲೆ ಕಾಣಿಸಿಕೊಳ್ಳುತ್ತದೆ. ಇಳುವರಿ ತಿಳಿಯಲು ತಿಂಗಳುಗಳೇ ಬೇಕು. ಕಲೆಗಳ ಎಣಿಕೆಯನ್ನು ತಕ್ಷಣದ ಅಳತೆಯಾಗಿ ಇಟ್ಟುಕೊಳ್ಳಬಹುದು, ಆದರೆ ಎಲೆ ಉಳಿಸಿದ ನಿರ್ಧಾರವೇ ಗೊಂಚಲನ್ನೂ ಉಳಿಸಿತೇ ಎಂಬುದನ್ನು ಸುಗ್ಗಿಯಲ್ಲಿ ತಾಳೆ ನೋಡಲೇಬೇಕು.

ಈಗ ನಷ್ಟದ ಮಾತು. ಕಲಿಯಲೆಂದೇ ಕೆಲವು ಸಲ ಕಡಿಮೆ ಭರವಸೆಯ ಆಯ್ಕೆಯನ್ನು ಮಾಡುವುದು ಈ ಅಲ್ಗಾರಿದಂಗಳ ಜೀವಾಳ. ಪರದೆಯ ಮೇಲೆ ಅದು ಒಂದು ಸಂಖ್ಯೆ, ತೋಟದಲ್ಲಿ ಬ್ಯಾಂಕಿನ ಬೆಳೆಸಾಲ. ರೈತ ಈಗ ಅನುಸರಿಸುತ್ತಿರುವ ಕ್ರಮದಿಂದ ಸಿಗುವ ಲಾಭಕ್ಕಿಂತ ಇಂತಿಷ್ಟು ಪಾಲಿಗಿಂತ ಹೆಚ್ಚು ಕೆಳಗೆ ಯಾವ ಹಂತದಲ್ಲೂ ಇಳಿಯಕೂಡದು ಎಂಬ ನಿರ್ಬಂಧವನ್ನು ಹೊತ್ತು ಕಲಿಯುವ ‘ಕನ್ಸರ್ವೇಟಿವ್ ಬ್ಯಾಂಡಿಟ್’ ಎಂಬ ಬಗೆ ಇದೆ. ನಿಮ್ಮ ಕೆಲಸಕ್ಕೆ ಅದೇ ಸೂಕ್ತ. ಜೊತೆಗೆ, ಪ್ರಯೋಗಕ್ಕೆ ಒಳಪಡುವ ರೈತರಿಗೆ ವಿಷಯವನ್ನು ಪೂರ್ತಿಯಾಗಿ ತಿಳಿಸಿ ಒಪ್ಪಿಗೆ ಪಡೆಯುವುದನ್ನೂ, ನಷ್ಟವಾದರೆ ಯೋಜನೆಯ ಹಣದಿಂದ ಪರಿಹಾರ ಕೊಡುವುದನ್ನೂ ಮೊದಲೇ ಬರೆದಿಡಿ.

ತೋಟಕ್ಕಿಳಿಯುವ ಮುನ್ನ ಹಿಂದಿನ ವರ್ಷಗಳ ಹವಾಮಾನ ದಾಖಲೆಯ ಮೇಲೆ ನಿಮ್ಮ ಅಲ್ಗಾರಿದಂ ಓಡಿಸಿ, ನಿಮ್ಮ ತಂದೆಯವರಂಥ ಅನುಭವಿಗಳು ಪಾಲಿಸುವ ನಿಯಮವನ್ನೂ ಅದೇ ದಾಖಲೆಯ ಮೇಲೆ ಅದರ ಪಕ್ಕದಲ್ಲೇ ಓಡಿಸಿ. ಕೋಷ್ಟಕದಲ್ಲಿ ಸರಾಸರಿ ನಷ್ಟವನ್ನಷ್ಟೇ ಕೊಡದೆ, ಅತಿ ಕೆಟ್ಟ ಹಂಗಾಮಿನಲ್ಲಿ ಎರಡೂ ಎಷ್ಟೆಷ್ಟು ಕಳೆದುಕೊಂಡವು ಎಂಬುದಕ್ಕೆ ಪ್ರತ್ಯೇಕ ಕಾಲಂ ಇಡಿ.