ಜಿಎನ್‌ಎಂ ಮಾಡಿದರೆ ಒಂದು ವರ್ಷ ಉಳಿಯುತ್ತದಾ?

ತಂಗಿ, ಸೆಕೆಂಡ್ ಪಿಯುಸಿ ಸೈನ್ಸ್ ಮುಗಿದಿದೆ, ನರ್ಸ್ ಆಗಬೇಕು, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಮೂರೇ ವರ್ಷ, ಬೇಗ ದುಡಿಯಬೇಕಾದರೆ ಜಿಎನ್‌ಎಂ ಸಾಕಲ್ವಾ ಅಂತ ಮುಧೋಳದಿಂದ ಕೇಳಿದ್ದೀಯ. ಇದೇ ಲೆಕ್ಕ ನಾನೂ ಹಾಕಿದ್ದೆ. ನನ್ನ ಊರು ಸಿಂದಗಿ ಕಡೆ.

ವಿಜಯಪುರದಲ್ಲಿ ಜಿಎನ್‌ಎಂ ಓದಿದೆ. ಪಾಸಾದ ಕೂಡಲೇ ಊರ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಸಿಕ್ಕಿತು. ಅವ್ವನ ಕೈ ರೊಟ್ಟಿ, ರೂಮಿನ ಬಾಡಿಗೆ ಇಲ್ಲ. ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಬೇಕು ಅನ್ನುವುದು ಗೊತ್ತಿತ್ತು. ಆದರೆ ಕೌನ್ಸಿಲ್ ಇರುವುದು ಬೆಂಗಳೂರಿನಲ್ಲಿ. ರಾತ್ರಿಯೆಲ್ಲಾ ರೈಲಿನಲ್ಲಿ ಕೂತು ಹೋಗಬೇಕು, ಫೀಸು ಬೇರೆ. ಅಪ್ಪ "ಸುಗ್ಗಿ ಮುಗೀಲಿ, ನೋಡೂಣು" ಅಂದರು. ಡಾಕ್ಟರ್ "ನಾ ಇದ್ದೀನಲ್ಲವಾ, ನಂಬರ್ ತಗೊಂಡ್ ಏನ್ ಮಾಡ್ತಿ" ಅಂದರು. ನಾನೂ ಸುಮ್ಮನಾದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆ ಪಾಸಾದ ಮಾತ್ರಕ್ಕೆ ನೀನು ನರ್ಸ್ ಆಗುವುದಿಲ್ಲ. ರಾಜ್ಯ ಕೌನ್ಸಿಲ್‌ನ ರಿಜಿಸ್ಟರಿನಲ್ಲಿ ಹೆಸರು ಸೇರಿ ಆರ್‌ಎನ್-ಆರ್‌ಎಂ (ರಿಜಿಸ್ಟರ್ಡ್ ನರ್ಸ್, ರಿಜಿಸ್ಟರ್ಡ್ ಮಿಡ್‌ವೈಫ್) ನಂಬರ್ ಬಂದ ಮೇಲೆಯೇ ರಿಜಿಸ್ಟರ್ಡ್ ನರ್ಸ್. ಅಲ್ಲಿಯವರೆಗೆ ಕೋರ್ಸ್ ಮುಗಿಸಿದ ಹುಡುಗಿ, ಅಷ್ಟೇ. ನಾನು ಹಾಗೇ ಸಲೈನ್ ಹಚ್ಚಿದೆ, ಹೆರಿಗೆಗೆ ನಿಂತೆ. ಏನಾದರೂ ಎಡವಟ್ಟಾಗಿದ್ದರೆ ನನ್ನ ಕೈಯಲ್ಲಿ ತೋರಿಸಲು ಒಂದು ಕಾಗದವೂ ಇರಲಿಲ್ಲ.

ಆಮೇಲೆ ಗೆಳತಿಯೊಬ್ಬಳು ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಯ ನಾರ್ಸೆಟ್ ಪರೀಕ್ಷೆಗೆ ಅರ್ಜಿ ಹಾಕಿದಳು. ನಾನೂ ಷರತ್ತು ಓದಿದೆ. ಬಿಎಸ್ಸಿ ಆದವರಿಗೆ ಡಿಗ್ರಿ, ರಿಜಿಸ್ಟ್ರೇಷನ್ ಇದ್ದರೆ ಆಯಿತು, ಅನುಭವ ಬೇಡ. ಜಿಎನ್‌ಎಂ ಆದವರಿಗೆ ರಿಜಿಸ್ಟ್ರೇಷನ್ ಜೊತೆಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ನಮ್ಮ ನರ್ಸಿಂಗ್ ಹೋಮ್‌ನಲ್ಲಿ ಇಪ್ಪತ್ತು ಹಾಸಿಗೆಯೂ ಇರಲಿಲ್ಲ. ಎಷ್ಟು ವರ್ಷ ದುಡಿದಿದ್ದರೂ ಆ ಅರ್ಜಿಗೆ ಅದು ಸೊನ್ನೆ. "ಐವತ್ತು ಅಂತ ಬರಸ್ಕೊಂಡ್ ಬಾ, ಯಾರ್ ಎಣಸ್ತಾರ" ಅಂತ ಒಬ್ಬರು ಬುದ್ಧಿ ಹೇಳಿದರು. ಇಂಥ ಮಾತು ಕೇಳಬೇಡ. ಸುಳ್ಳು ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಬಂದ ನೌಕರಿಯೂ ಹೋಗುತ್ತದೆ.

ಹೋಗಲಿ, ಜಿಎನ್‌ಎಂ ಆದವರು ಡಿಗ್ರಿ ಪಡೆಯಲು ಓದುವ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡೋಣ ಅಂತ ಹೋದರೆ ಅಲ್ಲೂ ಮೊದಲು ಕೇಳಿದ್ದು ರಿಜಿಸ್ಟ್ರೇಷನ್ ನಂಬರ್! ಆಗ ಓಡಿದೆ ಬೆಂಗಳೂರಿಗೆ. ನಂಬರ್ ಕೈಗೆ ಬರುವಷ್ಟರಲ್ಲಿ ಆ ವರ್ಷದ ಅಡ್ಮಿಷನ್ ಮುಗಿದಿತ್ತು. ಕೊನೆಗೆ ಮುಂದಿನ ಸಲ ಸೇರಿ ಓದಿದೆ. ನಾರ್ಸೆಟ್‌ಗೆ ಸಾಮಾನ್ಯ ವರ್ಗದವರಿಗೆ ವಯಸ್ಸು 30 ದಾಟಿರಬಾರದು. ನಾನು ಎಲ್ಲಾ ಸರಿಮಾಡಿಕೊಳ್ಳುವ ಹೊತ್ತಿಗೆ ಅದೂ ದಾಟಿತು.

ಈಗ ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಆ ಹಾಸಿಗೆ ಲೆಕ್ಕ ಸುಮ್ನೆ ಇಟ್ಟದ್ದಲ್ಲ ಅಂತ ಅರ್ಥವಾಯಿತು. ಊರಲ್ಲಿ ಬೆಳೆಗೆ ಹೊಡೆಯುವ ಔಷಧಿ ಕುಡಿದವರು ಬಂದರೆ ಡಾಕ್ಟರ್ ಒಂದು ಇಂಜೆಕ್ಷನ್ ಕೊಟ್ಟು ವಿಜಯಪುರಕ್ಕೆ ಕಳಿಸುತ್ತಿದ್ದರು. ಮುಂದೇನಾಗುತ್ತದೆ ಅಂತ ನಾನು ನೋಡಿಯೇ ಇರಲಿಲ್ಲ. ಇಲ್ಲಿ ಆ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಶುರುವಾದರೆ ಐದೈದು ನಿಮಿಷಕ್ಕೆ ನೋಡಬೇಕು: ಎದೆಯ ಗೊರಗೊರ ನಿಂತಿತಾ, ನಾಡಿ 80 ದಾಟಿತಾ, ಬಿಪಿ ಏರಿತಾ. ಸಾಲದಿದ್ದರೆ ಡಾಕ್ಟರ್ ಡೋಸ್ ದುಪ್ಪಟ್ಟು ಮಾಡುತ್ತಾರೆ. ಜಾಸ್ತಿಯಾದರೆ ರೋಗಿಗೆ ಜ್ವರ ಬರುತ್ತದೆ, ಬಡಬಡಿಸುತ್ತಾ ಎದ್ದು ಹೋಗಲು ನೋಡುತ್ತಾನೆ. ಅದು ಮೊದಲು ಕಣ್ಣಿಗೆ ಬೀಳುವುದು ಪಕ್ಕದಲ್ಲೇ ನಿಂತಿರುವ ನರ್ಸಿಗೆ. ಇದನ್ನೆಲ್ಲಾ ನನಗಿಂತ ಎಷ್ಟೋ ಚಿಕ್ಕವಳೊಬ್ಬಳು ಕಲಿಸಿದಳು. ಅವಳ ಕಾಲೇಜಿಗೆ ಸ್ವಂತ ದೊಡ್ಡ ಆಸ್ಪತ್ರೆ ಇತ್ತು, ಮೊದಲ ವರ್ಷದಿಂದಲೇ ವಾರ್ಡಿನಲ್ಲಿ ಬೆಳೆದವಳು.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಆ ಲೆಕ್ಕವೇ ತಪ್ಪು. ಜಿಎನ್‌ಎಂ 3 ವರ್ಷ, ಇವತ್ತಲ್ಲ ನಾಳೆ ಡಿಗ್ರಿ ಬೇಕೇ ಬೇಕು ಅನಿಸಿದಾಗ ಪೋಸ್ಟ್ ಬೇಸಿಕ್ 2 ವರ್ಷ. ಐದಾಯಿತು. ಬಿಎಸ್ಸಿ ನಾಲ್ಕೇ. ಉಳಿದದ್ದೆಲ್ಲಿ? ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ 45 ಪರ್ಸೆಂಟ್ ದಾಟಿದ್ದರೆ ಬಿಎಸ್ಸಿಗೇ ಹೋಗು. ಸರ್ಕಾರಿ ಕೋಟಾದ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸಿಗುತ್ತದೆ, ಏಜೆಂಟನಿಗೆ ಒಂದು ರೂಪಾಯಿ ಕೊಡಬೇಡ. ಮನೆಯಲ್ಲಿ ನಿಜವಾಗಿಯೂ ಆಗುವುದಿಲ್ಲ ಅಂದರೆ ಜಿಎನ್‌ಎಂ ಮಾಡು, ಅದೇನು ಕಡಿಮೆಯಲ್ಲ. ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಜಿಎನ್‌ಎಂ ಓದಿದವರೇ, ಹೊಸ ಡಾಕ್ಟರುಗಳು ಅವರನ್ನು ಕೇಳಿಯೇ ಕೈ ಹಾಕುತ್ತಾರೆ.

ಯಾವ ಕೋರ್ಸ್ ಆದರೂ ಕಾಲೇಜಿನ ಕಟ್ಟಡ ನೋಡಿ ಸೇರಬೇಡ. ಅಲ್ಲಿ ಸೆಕೆಂಡ್ ಇಯರ್ ಓದುವ ಹುಡುಗಿಯರನ್ನು ಹಿಡಿದು ಕೇಳು: ಪೋಸ್ಟಿಂಗ್, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಡ್ಯೂಟಿ, ಯಾವ ಆಸ್ಪತ್ರೆಗೆ ಹಾಕುತ್ತಾರೆ, ವಾರ್ಡಿನಲ್ಲಿ ರೋಗಿಗಳಿರುತ್ತಾರಾ, ಐಸಿಯು ಒಳಗೆ ಬಿಡುತ್ತಾರಾ. ಅವರು ಮುಖ ಮುಖ ನೋಡಿಕೊಂಡರೆ ಎದ್ದು ಬಾ.

ರಿಸಲ್ಟ್ ಬಂದ ಮೇಲೆ ಮೊದಲ ಕೆಲಸ ರಿಜಿಸ್ಟ್ರೇಷನ್. ಎರಡನೆಯದು, ಊರಿಗೆ ಎಷ್ಟೇ ದೂರವಾದರೂ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಫೀಸಿನ ಚಿಂತೆ ಇದ್ದರೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕು. ಅದಕ್ಕೆ ಜಾತಿ-ಆದಾಯ ಪ್ರಮಾಣಪತ್ರ ಬೇಕಾಗುತ್ತದೆ, ಈಗಲೇ ನಾಡಕಚೇರಿಗೆ ಹೋಗಿ ಮಾಡಿಸಿಟ್ಟುಕೋ.