ಚೆಂಡು ಕುಳಿಯಲ್ಲೇ ಕೂರುತ್ತಾ, ಕೆಳಗೆ ಬೀಳುತ್ತಾ?

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಹಳೇ ಸಾಮಾನಿನ ಅಂಗಡಿಯಲ್ಲಿ ಮಡಚುವ ಮಹಾಗನಿ ಪೆಟ್ಟಿಗೆ ಕೊಂಡೆ. ಬಿಚ್ಚಿದರೆ ಉದ್ದನೆ ಹಲಗೆ, ಹಸಿರು ಬಟ್ಟೆ, ದುಂಡಗಿನ ತುದಿಯಲ್ಲಿ ಒಂಬತ್ತು ಕುಳಿ. ಅಂಗಡಿಯವರು 'ವಿಕ್ಟೋರಿಯಾ ಕಾಲದ ಬಾರ್ ಬಿಲಿಯರ್ಡ್ಸ್' ಅಂದರು. ನಿಜವೇ?

ಉತ್ತರ: ವಿಕ್ಟೋರಿಯಾ ಕಾಲದ್ದಿರಬಹುದು. ಆದರೆ ಪಬ್ಬುಗಳಲ್ಲಿ ಆಡುವ ಬಾರ್ ಬಿಲಿಯರ್ಡ್ಸ್ ಅಲ್ಲವೇ ಅಲ್ಲ. ಅದು ಇಂಗ್ಲೆಂಡಿಗೆ ಬಂದದ್ದೇ 1930ರ ದಶಕದಲ್ಲಿ! ನಿಮ್ಮದು ಬ್ಯಾಗಟೆಲ್ ಎಂಬ ಆಟದ ಹಲಗೆ.

ಒಂದು ಕುಳಿಗೆ ಬೆರಳು ಹಾಕಿ ನೋಡಿ. ತಳ ಸಿಗುತ್ತೆ, ಅಲ್ವಾ? ಕೋಲಿನಿಂದ ತಳ್ಳಿದ ಚೆಂಡು ಅಲ್ಲೇ ಕೂರುತ್ತದೆ. ಎಲ್ಲ ಚೆಂಡೂ ಮುಗಿದ ಮೇಲೆ ಕುಳಿಗಳ ಅಂಕ ಕೂಡಿಸಿದರಾಯಿತು. ಹೆಸರು ಬಂದದ್ದು ಪ್ಯಾರಿಸ್ ಹತ್ತಿರದ ಬ್ಯಾಗಟೆಲ್ ಅರಮನೆಯಿಂದ ಅನ್ನುತ್ತಾರೆ. ಫ್ರಾನ್ಸ್ ರಾಜನ ತಮ್ಮನು ತನ್ನ ಅತ್ತಿಗೆಯ ಜೊತೆ ಪಂಥ ಕಟ್ಟಿ 1777ರಲ್ಲಿ ಎರಡೇ ತಿಂಗಳ ಆಸುಪಾಸಿನಲ್ಲಿ ಎಬ್ಬಿಸಿದ ಅರಮನೆ ಅದು.

ಬಾರ್ ಬಿಲಿಯರ್ಡ್ಸ್‌ನಲ್ಲಿ ಕುಳಿಗೆ ತಳವಿಲ್ಲ. ಬಿದ್ದ ಚೆಂಡು ಮೇಜಿನೊಳಗೇ ಉರುಳಿ ಆಟಗಾರನ ಕೈಗೆ ವಾಪಸ್ಸು. ಹಾಗಾದರೆ ಆಟ ಮುಗಿಯುವುದು ಹೇಗೆ? ಅದಕ್ಕೇ ಒಳಗೊಂದು ಗಡಿಯಾರ. ನಾಣ್ಯ ಹಾಕಬೇಕು. ಹದಿನೈದಿಪ್ಪತ್ತು ನಿಮಿಷಕ್ಕೆ ಅಡ್ಡಪಟ್ಟಿ ಬಿದ್ದು ಚೆಂಡು ಬರುವುದು ನಿಲ್ಲುತ್ತದೆ. ಪಬ್ಬಿನವರ ಬುದ್ಧಿ ನೋಡಿ! ಆಡುವುದೂ ಒಂದೇ ಕಡೆಯಿಂದ, ಮೇಜನ್ನು ಗೋಡೆಗೆ ಒತ್ತರಿಸಬಹುದು. ಕುಳಿಗಳ ಮುಂದೆ ಅಣಬೆಯಂಥ ಮರದ ಗೂಟಗಳು ಬೇರೆ. ಕಪ್ಪು ಗೂಟ ಉರುಳಿತೋ, ಅಷ್ಟು ಹೊತ್ತಿನ ಅಂಕವೆಲ್ಲ ಸೊನ್ನೆ. ಬೆಲ್ಜಿಯಂನಲ್ಲಿ ಇಂಥದ್ದೇ ಆಟ ನೋಡಿದ ಡೇವಿಡ್ ಗಿಲ್ ಇದನ್ನು ಇಂಗ್ಲೆಂಡಿಗೆ ತಂದರು.

ಬ್ಯಾಗಟೆಲ್‌ನ ಇನ್ನೊಂದು ಕವಲು ಅಮೆರಿಕದ್ದು. 1871ರಲ್ಲಿ ಮಾಂಟೇಗ್ ರೆಡ್‌ಗ್ರೇವ್ ಕೋಲಿನ ಬದಲು ಸ್ಪ್ರಿಂಗ್ ಕೂರಿಸಿ ಪೇಟೆಂಟ್ ಪಡೆದರು. ಪಿನ್‌ಬಾಲ್ ಹುಟ್ಟಿದ್ದು ಅದೇ ದಾರಿಯಲ್ಲಿ. ನಮ್ಮ ಕಡೆ ಮಕ್ಕಳು ಸ್ಪ್ರಿಂಗ್ ಎಳೆದು, ಮೊಳೆಗಳ ನಡುವೆ ಉಕ್ಕಿನ ಗುಂಡು ಬಿಡುತ್ತಿದ್ದ ಬೋರ್ಡೂ ಅದರ ಬಳಗವೇ.

ಬಟ್ಟೆಗೆ ನೀರು ತಾಗಿಸಬೇಡಿ, ಮೆತ್ತನೆ ಬ್ರಷ್ ಸಾಕು. ಚೆಂಡುಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದಕ್ಕೊಂದು ಹೆಣೆದ ಸಣ್ಣ ಗೆರೆ ಕಂಡರೆ ಆನೆದಂತ ಇರಬಹುದು. ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಬ್ರಿಟನ್ನಿನ 2018ರ ದಂತ ಕಾಯ್ದೆ ಬಿಗಿ, ಸುಮ್ನೆ ಮಾರೋಕೆ ಹೋಗಬೇಡಿ.