ಎಲೆ ಕುದಿಸಿದ ನೀರಲ್ಲಿ ಮಾಡಿದ ಜಿಂಕ್ ಆಕ್ಸೈಡ್ ನ್ಯಾನೋಕಣ ಪರಿಸರಸ್ನೇಹಿಯಾ?

ಸೊಪ್ಪಿನ ಸಾರದಲ್ಲಿ ಜಿಂಕ್ ಆಕ್ಸೈಡ್‌ನಂಥ ಅರೆವಾಹಕ ಕಣ ಮಾಡಿದರೆ ಅದನ್ನು ಪರಿಸರಸ್ನೇಹಿ ಅನ್ನಬಹುದಾ ಎಂದು ಕೇಳಿದ್ದೀರಿ. ಎಲೆ ಹಾಕಿದ ಮಾತ್ರಕ್ಕೆ ಹಾಗೆ ಹೇಳಲು ಆಗುವುದಿಲ್ಲ. ನಾನೂ ಇದೇ ಕೆಲಸ ಮಾಡಿದವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಳ್ಳಿಯ ಕಣ ಮಾಡುವಾಗ ಎಲೆಯಲ್ಲಿರುವ, ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಪಾಲಿಫಿನಾಲ್‌ಗಳು ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುತ್ತವೆ. ಇದೇ ಮಾತನ್ನು ಜಿಂಕ್ ಆಕ್ಸೈಡ್‌ಗೂ ಬರೆಯುವವರು ಬಹಳ. ಆದರೆ ಶುರುವಿನ ವಸ್ತುವಾದ ಜಿಂಕ್ ಅಸಿಟೇಟ್‌ನಲ್ಲಿ ಸತುವಿನ (ಜಿಂಕ್) ಆಕ್ಸಿಡೀಕರಣ ಸ್ಥಿತಿ +2, ಆಕ್ಸೈಡ್‌ನಲ್ಲೂ +2. ಇಲ್ಲಿ ಅಪಕರ್ಷಣ, ಅಂದರೆ ಎಲೆಕ್ಟ್ರಾನ್ ಪಡೆಯುವ ಕ್ರಿಯೆ, ನಡೆಯುವುದೇ ಇಲ್ಲ, ಅಲ್ವಾ? ಎಲೆಯ ಅಣುಗಳು ಕಣದ ಮೈಗೆ ಅಂಟಿಕೊಂಡು ಅದು ಜಾಸ್ತಿ ಬೆಳೆಯದಂತೆ ತಡೆಯಬಹುದು, ಅಷ್ಟೇ.

ಆಮೇಲೆ ಸಾರದಿಂದ ಸಿಗುವ ಕಂದು ಪುಡಿಯನ್ನು 400 ಡಿಗ್ರಿ ಫರ್ನೇಸ್‌ನಲ್ಲಿ ಸುಡುತ್ತೇವೆ. ಹೊರಗೆ ತೆಗೆದಾಗ ಬಿಸಿಗೆ ತಿಳಿಹಳದಿ, ಆರುತ್ತಾ ಆರುತ್ತಾ ಬೆಳ್ಳಗೆ. ನೋಡಲು ಬಲು ಚೆಂದ. ಆದರೆ ಅಷ್ಟರಲ್ಲಿ ಎಲೆಯ ಅಂಶ ಬಹುಪಾಲು ಸುಟ್ಟುಹೋಗಿರುತ್ತದೆ. ಒಮ್ಮೆ ಪಕ್ಕದಲ್ಲೇ ಎಲೆ ಹಾಕದ ಫ್ಲಾಸ್ಕ್ ಇಟ್ಟು ಉಳಿದದ್ದೆಲ್ಲ ಒಂದೇ ಥರ ಮಾಡಿದೆ. ಹರಳಿನ ರಚನೆ ತೋರಿಸುವ ಎಕ್ಸ್-ರೇ ಡಿಫ್ರಾಕ್ಷನ್‌ನಲ್ಲಿ ಎರಡಕ್ಕೂ 31.8, 34.4, 36.3 ಡಿಗ್ರಿಯಲ್ಲೇ ಪೀಕ್, ಅಂದರೆ ಎರಡೂ ಒಂದೇ ಹರಳು. ಗಾತ್ರದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅವತ್ತು ತುಂಬಾ ಬೇಜಾರಾಯಿತು. ಈಗ ಆ ಎರಡನೇ ಫ್ಲಾಸ್ಕ್ ಇಲ್ಲದೆ ನಾನು ಕೆಲಸ ಶುರು ಮಾಡುವುದಿಲ್ಲ. ನೀವೂ ಇಡಿ.

ಕ್ವಾಂಟಮ್ ಡಾಟ್‌ಗಳ (ಕೆಲವೇ ನ್ಯಾನೋಮೀಟರ್ ಗಾತ್ರದ, ಗಾತ್ರಕ್ಕೆ ತಕ್ಕ ಬಣ್ಣ ಕೊಡುವ ಅರೆವಾಹಕ ಕಣಗಳ) ಕಥೆ ನೋಡಿ, ಎಲೆ ಇಲ್ಲದೆಯೂ ಅಪಾಯ ಹೇಗೆ ತಗ್ಗಿತು ಅಂತ. 1993ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಬಾವೆಂಡಿ ಅವರ ತಂಡ ಕ್ಯಾಡ್ಮಿಯಂ ಸೆಲೆನೈಡ್ ಮಾಡಿದ್ದು ಡೈಮಿಥೈಲ್ ಕ್ಯಾಡ್ಮಿಯಂನಿಂದ, ಸುಮಾರು 300 ಡಿಗ್ರಿಯಲ್ಲಿ. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಘೋರ ವಿಷ ಅದು. 2001ರಲ್ಲಿ ಅದರ ಜಾಗಕ್ಕೆ ಕ್ಯಾಡ್ಮಿಯಂ ಆಕ್ಸೈಡ್ ಬಂತು. ಎಲೆ ಗಿಲೆ ಏನೂ ಇಲ್ಲ, ಶುರುವಿನ ವಸ್ತು ಒಂದನ್ನು ಬದಲಿಸಿದರು, ಅಪಾಯ ಎಷ್ಟೋ ಕಡಿಮೆಯಾಯಿತು. ವಿಷಕಾರಿ ಲೋಹವಾದ ಕ್ಯಾಡ್ಮಿಯಂ ಮಾತ್ರ ಉಳಿಯಿತು. ಅದನ್ನು ಬಿಡಲೆಂದೇ ಇಂಡಿಯಂ ಫಾಸ್ಫೈಡ್ ಕಡೆ ತಿರುಗಿದ್ದು.

ನಿಮ್ಮ ಕೆಲಸಕ್ಕೆ ಬಂದರೆ, ಜಿಂಕ್ ನೈಟ್ರೇಟ್ ಬದಲು ಅಸಿಟೇಟ್ ತೆಗೆದುಕೊಳ್ಳಿ. ನೈಟ್ರೇಟ್ ಸುಟ್ಟರೆ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಬರುತ್ತದೆ. 60–80 ಡಿಗ್ರಿ ನೀರಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಡಿ, ಹಾಲಿನಂತೆ ಬೆಳ್ಳಗಾಗುತ್ತದೆ. ಫರ್ನೇಸ್ ಇಲ್ಲದೆಯೂ ಆಕ್ಸೈಡ್ ಸಿಗುತ್ತದೆ, ಸುಮ್ನೆ ಕರೆಂಟ್ ಸುಡಬೇಕಿಲ್ಲ. ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ, ಅದರಲ್ಲಿ ಉಳಿದ ಸತು ಜಲಚರಗಳಿಗೆ ವಿಷ. ಒಂದು ಗ್ರಾಂ ಪುಡಿಗೆ ಎಷ್ಟು ನೀರು, ಎಷ್ಟು ಎಥನಾಲ್, ಎಷ್ಟು ಕರೆಂಟ್ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ.